ಹೆಜ್ಜೆ ಎಣಿಸುವ ಆ್ಯಪ್: ದಮ್ಮು ಇರುವ ನಾನು ಹದಿನಾಲ್ಕು ತಿಂಗಳು ಬಳಸಿ ಕಂಡದ್ದು

ರಾತ್ರಿ ಊಟ ಮುಗಿಸಿ, ಇನ್‌ಹೇಲರ್ ಎಳೆದುಕೊಂಡು, ಬಾಯಿ ಮುಕ್ಕಳಿಸಿ ಕೂತಿದ್ದೆ. ಫೋನ್ ಟಿಣ್ ಎಂದಿತು. ಇಂಗ್ಲಿಷಿನಲ್ಲಿ ಏನೋ ಬಂದಿತ್ತು. ಮೊಮ್ಮಗಳು ಓದಿದಳು: "ಅಜ್ಜೀ, ಇವತ್ತಿನ ಗುರಿಗೆ ಇನ್ನೂ 7,860 ಹೆಜ್ಜೆ ಬಾಕಿ ಇದೆಯಂತೆ."

ಅಂದರೆ ಆ ದಿನ ನಾನು 2,140 ಹೆಜ್ಜೆ ನಡೆದಿದ್ದೆ. ಮಧ್ಯೆ ಎರಡು ಸಲ ಯಾರದೋ ಮನೆಯ ಗೇಟು ಹಿಡಿದು ನಿಂತು ಉಸಿರು ಸುಧಾರಿಸಿಕೊಂಡಿದ್ದೆ. ಹಿಂದಿನ ವಾರ ತರಕಾರಿ ಅಂಗಡಿವರೆಗೂ ಹೋಗಲು ಆಗಿರಲಿಲ್ಲ. ಅವತ್ತು ಹೋಗಿ ಕೊತ್ತಂಬರಿ ಕಟ್ಟು ಹಿಡಿದು ವಾಪಸ್ ಬಂದಿದ್ದೆ. ಅಷ್ಟು ಖುಷಿಯಾಗಿದ್ದವಳಿಗೆ ಆ ಒಂದು ಸಾಲು ಕೇಳಿ ಅಳು ಬಂತು.

ನನಗೆ 64 ವರ್ಷ. ಊರು ಸಾಗರದ ಕಡೆ. ಈಗ ಮಗನ ಜೊತೆ ಮೈಸೂರಿನ ಸರಸ್ವತಿಪುರಂನಲ್ಲಿದ್ದೇನೆ. ಮೂರು ವರ್ಷದ ಹಿಂದೆ ಸಿಓಪಿಡಿ ಎಂದು ಗೊತ್ತಾಯಿತು. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರದೆ ಎದೆಯಲ್ಲೇ ಉಳಿಯುವ ಕಾಯಿಲೆ ಇದು. ಕೊಳವೆಯನ್ನು ಬಾಯಿಗಿಟ್ಟು ಜೋರಾಗಿ ಊದಿಸುವ ಸ್ಪೈರೋಮೆಟ್ರಿಯಲ್ಲಿ ಪತ್ತೆ ಮಾಡುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ, ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಊದಿದ್ದರ 70%ಕ್ಕಿಂತ ಕಡಿಮೆ ಇದ್ದರೆ ನಾಳ ಕಟ್ಟಿದೆ ಎಂದು ಲೆಕ್ಕ.

ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ. ಆದರೆ ಹುಟ್ಟಿದಾಗಿನಿಂದ ಹೊಗೆಯಲ್ಲೇ ಬೆಳೆದೆ. ಅಡುಗೆಗೆ ಕಟ್ಟಿಗೆ ಒಲೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹೊತ್ತಿಕೊಳ್ಳದೆ ಹೊಗೆ ಕಾರುತ್ತಿತ್ತು. ಬಚ್ಚಲೊಲೆ ಬೇರೆ. ಅಡಿಕೆ ಕೊಯ್ಲು ಬಂದರೆ ರಾತ್ರಿಯೆಲ್ಲ ಹಂಡೆಯ ಕೆಳಗೆ ಉರಿ. ಮನೆಗೆ ಗ್ಯಾಸ್ ಬಂದದ್ದು 1998ರಲ್ಲಿ. ಬಚ್ಚಲೊಲೆ, ಅಡಿಕೆ ಒಲೆ ಆಮೇಲೂ ನಿಲ್ಲಲಿಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಎಷ್ಟೋ ಹೆಂಗಸರು "ವಯಸ್ಸಾಯ್ತಲ್ಲ, ಅದಕ್ಕೇ ದಮ್ಮು" ಎಂದುಕೊಂಡು ಸುಮ್ಮನಿದ್ದಾರೆ. ಅವರ ಮಕ್ಕಳು ಯಾರಾದರೂ ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ಆ್ಯಪ್‌ನ ಹೆಸರು ಬರೆಯುವುದಿಲ್ಲ. ಮಗ ಫೋನ್ ಕೊಡಿಸಿದಾಗಲೇ ಅದರಲ್ಲಿ ಇತ್ತು. ಇಂಥ ಆ್ಯಪ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಹೆಜ್ಜೆ ಎಣಿಸುತ್ತವೆ, ದಿನಕ್ಕೊಂದು ಕಂಬ ತೋರಿಸುತ್ತವೆ, ಗುರಿ ಮುಟ್ಟಿದರೆ ಬಣ್ಣದ ಕಾಗದ ಹಾರಿಸುತ್ತವೆ.

ಮೊದಲು ಆ್ಯಪ್‌ನಲ್ಲಿದ್ದ ದಿನಕ್ಕೆ 10,000 ಹೆಜ್ಜೆಯ ಗುರಿಯ ವಿಷಯ ಹೇಳಿಬಿಡುತ್ತೇನೆ. ಅದು ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕವಲ್ಲ. 1965ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್ಪೋಕೆ. ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂದು ಅರ್ಥ. ಆ ಹೆಸರೇ ಮುಂದೆ ಲೋಕಕ್ಕೆಲ್ಲ ಗುರಿಯಾಯಿತು. ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಇದನ್ನು ಹೇಳಿದಾಗ ನನ್ನ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

"ಅಮ್ಮಾ, ಒಂದು ವಾರ ಏನೂ ಬದಲಾಯಿಸಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ. ಸುಮ್ನೆ ಎಣಿಸ್ಲಿ ಅದು" ಎಂದಳು ಅವಳು. ವಾರದ ಸರಾಸರಿ 2,200ರ ಹತ್ತಿರ ಬಂತು. ಗುರಿಯನ್ನು 2,500ಕ್ಕೆ ಇಳಿಸಿಕೊಟ್ಟಳು. ನಾಲ್ಕು ವಾರ ಅದೇ. ಆಮೇಲೆ 2,900. ಸಿಓಪಿಡಿ ಇರುವವರಿಗೆ ದಿನಕ್ಕೆ 600ರಿಂದ 1,100 ಹೆಜ್ಜೆ ಜಾಸ್ತಿಯಾದರೂ ಅದು ಲೆಕ್ಕಕ್ಕೆ ಬರುವ ಸುಧಾರಣೆಯಂತೆ. ಹತ್ತು ಸಾವಿರದ ಪಕ್ಕದಲ್ಲಿ ಆರುನೂರು ಏನೂ ಅಲ್ಲ ಅನಿಸಬಹುದು. ನನಗೆ ಆರುನೂರು ಅಂದರೆ ಎದುರಿನ ಬೀದಿಯ ಗಣಪತಿ ಗುಡಿಗೆ ಹೋಗಿ ಬರುವುದು. ವರ್ಷದಿಂದ ನಿಂತುಹೋಗಿದ್ದು ಅದು.

ಗುರಿ ಬದಲಾಯಿಸುವ ಜಾಗ ಮಾತ್ರ ಎಲ್ಲೋ ಒಳಗೆ ಅಡಗಿದೆ. ಸೆಟ್ಟಿಂಗ್ಸ್, ಅದರೊಳಗೆ ಪ್ರೊಫೈಲ್, ಅದರೊಳಗೆ ಇನ್ನೊಂದು ಪುಟ. ಕನ್ನಡ ಆಯ್ಕೆಯೇ ಇಲ್ಲ. ನನ್ನಂಥವರು ಒಬ್ಬರೇ ಹುಡುಕಲು ಸಾಧ್ಯವಿಲ್ಲ. ಕಾಯಿಲೆಯವರ ಮನೆಯಲ್ಲಿ ಓದು ಬಲ್ಲವರು ಯಾರಾದರೂ ಇದನ್ನು ಮೊದಲ ದಿನವೇ ಮಾಡಿಕೊಡಬೇಕು. ರಾತ್ರಿಯ ಆ ಸೂಚನೆಯನ್ನೂ ನಿಲ್ಲಿಸಿಬಿಡಿ.

ಎಣಿಕೆ ಎಷ್ಟು ನಿಜ? ಮೊಮ್ಮಗಳು ಪರೀಕ್ಷೆ ಮಾಡಿದಳು. ಫೋನ್ ಕೈಚೀಲದಲ್ಲಿ ಇಟ್ಟುಕೊಂಡು ನಾನು ಮೆಲ್ಲಗೆ ನಡೆದೆ, ಅವಳು ಪಕ್ಕದಲ್ಲಿ ಬಾಯಲ್ಲಿ ಎಣಿಸಿದಳು. ಅವಳದು 100, ಫೋನಿನದು 71. ಒಳಗಿರುವ ಸೆನ್ಸರ್ ಮೈಯ ಕುಲುಕಾಟವನ್ನು ಹೆಜ್ಜೆ ಎಂದು ಹಿಡಿಯುತ್ತದೆ. ನಿಧಾನವಾಗಿ, ಕಾಲು ಎಳೆದುಕೊಂಡು ನಡೆಯುವವರ ಕುಲುಕಾಟ ಅದಕ್ಕೆ ಸಾಲುವುದಿಲ್ಲ. ದಮ್ಮಿನವರು ನಡೆಯುವುದೇ ಹಾಗೆ ಅಲ್ವಾ? ನಿಜವಾಗಿ ಲೆಕ್ಕ ಬೇಕಾದವರದೇ ಲೆಕ್ಕ ತಪ್ಪುತ್ತದೆ.

ಸೀರೆಗೆ ಜೇಬಿಲ್ಲ. ಹಳೆಯ ರವಿಕೆ ಬಟ್ಟೆಯಲ್ಲಿ ಲಾಡಿ ಹಾಕಿ ಒಂದು ಚೀಲ ಹೊಲಿದೆ. ಫೋನನ್ನು ಅದರಲ್ಲಿ ಹಾಕಿ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡೆ. ಈ ಸಲ 100ಕ್ಕೆ 94 ಬಂತು. ಅದು ಸಾಕು. ದಿನಾ ಒಂದೇ ಜಾಗದಲ್ಲಿ ಕಟ್ಟಿಕೊಂಡರೆ ತಪ್ಪೂ ದಿನಾ ಒಂದೇ ಥರ ಇರುತ್ತದೆ. ನಿನ್ನೆಗೂ ಇವತ್ತಿಗೂ ಹೋಲಿಸಬಹುದು.

ಮಗ ಕೈಗೆ ಕಟ್ಟುವ ಬ್ಯಾಂಡನ್ನೂ ತಂದುಕೊಟ್ಟ. ಅದರ ಸಮಸ್ಯೆ ಬೇರೆ. ಅಕ್ಕಿ ರೊಟ್ಟಿ ತಟ್ಟಿದರೆ ಹೆಜ್ಜೆ ಏರುತ್ತದೆ. ಒಂದು ಬೆಳಿಗ್ಗೆ ಎಂಟು ರೊಟ್ಟಿ ತಟ್ಟಿ ಮುಗಿಸುವಷ್ಟರಲ್ಲಿ ಇನ್ನೂರಕ್ಕೆ ಹತ್ತಿರ ತೋರಿಸಿತು. ಅದರಲ್ಲಿ ಬರುವ ಆಮ್ಲಜನಕದ ಅಂಕಿಯನ್ನು ನಂಬಿ ತೀರ್ಮಾನ ಮಾಡಬೇಡಿ ಎಂದು ಡಾಕ್ಟರು ಹೇಳಿದರು. ಬೆರಳಿಗೆ ಹಾಕುವ ಆಕ್ಸಿಮೀಟರ್ ಬಳಸುತ್ತೇನೆ. ಅದನ್ನೂ ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ನೋಡಬೇಕು. ಬ್ಯಾಂಡ್ ಈಗ ಮೊಮ್ಮಗಳ ಕೈಯಲ್ಲಿದೆ.

ಇಷ್ಟಾದರೂ ಈ ಆ್ಯಪ್‌ಗೆ ಗೊತ್ತಾಗದ ದೊಡ್ಡ ಸಂಗತಿ ಒಂದಿದೆ. ಉಸಿರು. ಬಟ್ಟೆ ಒಣಹಾಕಲು ಎರಡೂ ಕೈ ಮೇಲೆತ್ತಿದರೆ ನನಗೆ ನಡೆದಿದ್ದಕ್ಕಿಂತ ಜಾಸ್ತಿ ಏದುಸಿರು ಬರುತ್ತದೆ. ಹೆಗಲು ಕುತ್ತಿಗೆಯ ಸ್ನಾಯುಗಳು ನಮ್ಮಂಥವರಿಗೆ ಉಸಿರಾಡಲೂ ಸಹಾಯ ಮಾಡುತ್ತಿರುತ್ತವೆ. ಕೈ ಮೇಲೆತ್ತಿದಾಗ ಅವಕ್ಕೆ ಎರಡೆರಡು ಕೆಲಸ. ರಂಗೋಲಿಗೆ ಬಗ್ಗಿದರೂ ಹಾಗೇ. ಒಂದು ಬಕೆಟ್ ಬಟ್ಟೆ ಹರವಿ ನಾನು ಕುರ್ಚಿಗೆ ಕುಸಿದ ದಿನ ಆ್ಯಪ್ "ಇವತ್ತು ನೀವು ಚಟುವಟಿಕೆಯಿಂದ ಇಲ್ಲ" ಎಂದಿತ್ತು.

ಅದಕ್ಕೆ ಫಿಸಿಯೋ ಹುಡುಗಿ ಒಂದು ದಾರಿ ಹೇಳಿಕೊಟ್ಟಳು. ನಡೆದ ಮೇಲೆ ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಬೋರ್ಗ್ ಅಳತೆ ಎನ್ನುತ್ತಾರೆ ಅದಕ್ಕೆ. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾರದಷ್ಟು. ನನಗೆ ಮೂರು ನಾಲ್ಕರಲ್ಲಿ ಇರಲು ಹೇಳಿದ್ದಾಳೆ. ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು. ಆ್ಯಪ್‌ನಲ್ಲಿ ಇದನ್ನು ಬರೆಯಲು ಜಾಗವಿಲ್ಲ. ಮೊಮ್ಮಗಳ ಹಳೇ ನೋಟ್‌ಬುಕ್‌ನಲ್ಲಿ ತಾರೀಖು, ಹೆಜ್ಜೆ, ಏದುಸಿರು ಎಂದು ಮೂರು ಸಾಲು ಎಳೆದುಕೊಂಡಿದ್ದೇನೆ. 3,000 ಹೆಜ್ಜೆಗೆ ಐದು ಇದ್ದದ್ದು ಎರಡು ತಿಂಗಳಲ್ಲಿ ಮೂರಕ್ಕೆ ಬಂತು. ಹೆಜ್ಜೆ ಅಷ್ಟೇ. ನಾನು ಮಾತ್ರ ಸುಧಾರಿಸಿದ್ದೆ. ಆ್ಯಪ್ ಒಂದನ್ನೇ ನಂಬಿದ್ದರೆ ಅದು ಕಾಣಿಸುತ್ತಲೇ ಇರಲಿಲ್ಲ.

ಉಸಿರು ಕಟ್ಟಿದಾಗ ಏನು ಮಾಡಬೇಕು ಎಂಬುದನ್ನೂ ಅವಳೇ ಕಲಿಸಿದಳು. ಮೂಗಿನಲ್ಲಿ ಎಳೆದು, ತುಟಿ ಸಣ್ಣಗೆ ಕೂಡಿಸಿ, ಎಳೆದದ್ದಕ್ಕಿಂತ ಎರಡು ಪಟ್ಟು ಹೊತ್ತು ಮೆಲ್ಲಗೆ ಬಿಡಬೇಕು. ಆಗ ನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಅವಳು ತೋರಿಸಿದ ಕೂಡಲೇ ನನಗೆ ಊದುಗೊಳವೆ ನೆನಪಾಯಿತು. ಒಲೆ ಊದುವಾಗ ತುಟಿ ಹೀಗೇ ಇರುತ್ತಿತ್ತು. ಅದೇ ತುಟಿ, ಜೋರು ಮಾತ್ರ ಬೇಡ.

ಮಧ್ಯೆ ಸೊಸೆ ಶ್ವಾಸಕೋಶದವರಿಗಾಗಿಯೇ ಇರುವ ಇನ್ನೊಂದು ಆ್ಯಪ್ ಹಾಕಿಕೊಟ್ಟಳು. ದಿನಾ ಇಪ್ಪತ್ತಕ್ಕಿಂತ ಜಾಸ್ತಿ ಪ್ರಶ್ನೆ, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಪುಟದಲ್ಲೇ ದಿನಕ್ಕೆ ಎಷ್ಟು ಸಿಗರೇಟು, ಯಾವಾಗ ಬಿಟ್ಟಿರಿ ಎಂದು ಕೇಳಿತು. ಒಲೆಯ ಹೊಗೆ ಎಂದು ಹೇಳಲು ಜಾಗವೇ ಇರಲಿಲ್ಲ. ನಾನು ಯಾರು ಎಂದು ಕೇಳದೇ ಮಾತು ಶುರು ಮಾಡಿದ ಹಾಗೆ ಅನಿಸಿತು. ಎರಡು ವಾರಕ್ಕೆ ತೆಗೆಸಿಬಿಟ್ಟೆ.

ಇನ್ನು ಈ ಆ್ಯಪ್ ನನ್ನನ್ನು ಕಾಪಾಡಿದ ಸಂಗತಿ. ಕಳೆದ ನವೆಂಬರ್ ಕೊನೆಯ ವಾರ. ದಿನದ ಹೆಜ್ಜೆ 3,300 ಇದ್ದದ್ದು 2,900, ಆಮೇಲೆ 2,300, ಆಮೇಲೆ 1,800. ಚಳಿ, ಅದಕ್ಕೇ ಮೈ ಬಗ್ಗುತ್ತಿಲ್ಲ ಎಂದುಕೊಂಡಿದ್ದೆ. ಭಾನುವಾರ ಮಗ ಫೋನ್ ನೋಡಿದವನು "ಅಮ್ಮ, ಇದೇನು ಕಂಬ ಮೆಟ್ಟಿಲ ಹಾಗೆ ಇಳೀತಾ ಇದೆ?" ಎಂದ. ಕೆಮ್ಮು ಹೇಗಿದೆ, ಕಫದ ಬಣ್ಣ ಏನು ಎಂದು ಕೇಳಿದ. ಆಗ ಯೋಚಿಸಿದೆ. ಹಳದಿಯಾಗಿತ್ತು. ಸೋಮವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಐದು ದಿನದ ಮಾತ್ರೆಯಲ್ಲಿ ಮುಗಿಯಿತು. ಅದರ ಹಿಂದಿನ ಚಳಿಗಾಲದಲ್ಲಿ ಹೀಗೇ ಶುರುವಾಗಿ, ತಡ ಮಾಡಿ, ಆರು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಆ ಆರು ದಿನ ಮಗ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ್ದ.

ಡಾಕ್ಟರು ಆ ಕಂಬಗಳನ್ನು ತಾವೇ ಬೆರಳಿನಲ್ಲಿ ಸರಿಸಿ ನೋಡಿದರು. "ಹೇಗಿದ್ದೀರಿ ಅಂದ್ರೆ ನೀವು ಯಾವಾಗ್ಲೂ ಚೆನ್ನಾಗಿದ್ದೀನಿ ಅಂತೀರಿ. ಇದು ಸುಳ್ಳು ಹೇಳಲ್ಲ" ಎಂದರು. ನಿಜ. ನಾವು ಮನೆಯವರಿಗೆ ತೊಂದರೆ ಬೇಡ ಎಂದು ಎಲ್ಲಕ್ಕೂ ಚೆನ್ನಾಗಿದ್ದೇನೆ ಎನ್ನುತ್ತೇವೆ. ದಮ್ಮು ಬಂತೆಂದು ಕೂತುಬಿಡುತ್ತೇವೆ. ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಹೆಚ್ಚು ಉಸಿರು ಬೇಡುತ್ತದೆ. ಮತ್ತೆ ದಮ್ಮು, ಮತ್ತೆ ಕೂರುವುದು. ಶ್ವಾಸಕೋಶ ಮೊದಲಿನ ಹಾಗೆ ಆಗುವುದಿಲ್ಲ, ಆದರೆ ಕಾಲನ್ನು ಗಟ್ಟಿ ಮಾಡಿಕೊಳ್ಳಬಹುದು. ಎಂಟು ವಾರ ಆಸ್ಪತ್ರೆಯ ವ್ಯಾಯಾಮಕ್ಕೆ ಹೋಗಿದ್ದೆ. ಶುರುವಿನಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ 285 ಮೀಟರ್ ನಡೆದಿದ್ದೆ. ಕೊನೆಗೆ 330. ಮೂವತ್ತು ಮೀಟರ್ ಜಾಸ್ತಿಯಾದರೆ ದೊಡ್ಡ ವಿಷಯ ಎಂದರು.

ಆದರೆ ಐದನೇ ತಿಂಗಳಲ್ಲಿ ಬೇಸರ ಬಂತು. ಬಣ್ಣದ ಕಾಗದ ಹಾರಿದರೂ ನೋಡುವ ಮನಸ್ಸಿಲ್ಲ. ಅಮೆರಿಕದಲ್ಲಿ ಸಿಓಪಿಡಿ ಇರುವ ಮಾಜಿ ಸೈನಿಕರಿಗೆ ಹೆಜ್ಜೆ ಎಣಿಸುವ ಯಂತ್ರವನ್ನೂ ಇಂಟರ್ನೆಟ್ಟಿನಲ್ಲಿ ಗುರಿಯನ್ನೂ ಕೊಟ್ಟು ನೋಡಿದ್ದರಂತೆ. ನಾಲ್ಕು ತಿಂಗಳಿಗೆ ನಡಿಗೆ ಜಾಸ್ತಿಯಾಗಿತ್ತು, ವರ್ಷ ತುಂಬುವಾಗ ಆ ಹೆಚ್ಚಳ ಉಳಿದಿರಲಿಲ್ಲ. ಮಗ ಓದಿ ಹೇಳಿದಾಗ ನನ್ನ ಕಥೆಯೇ ಅನಿಸಿತು. ನನ್ನನ್ನು ಮತ್ತೆ ಎಬ್ಬಿಸಿದ್ದು ಎದುರು ಮನೆಯವರು. ಅವರಿಗೆ ಮಂಡಿ ನೋವು, ನನ್ನಷ್ಟೇ ನಿಧಾನ. ಸಂಜೆ ಐದಕ್ಕೆ "ರೀ, ಬನ್ನಿ" ಎಂದು ಗೇಟಿನಲ್ಲಿ ನಿಲ್ಲುತ್ತಾರೆ. ವಾರಕ್ಕೆ ಮೂರು ದಿನ ಮಗ ಇಬ್ಬರನ್ನೂ ಕುಕ್ಕರಹಳ್ಳಿ ಕೆರೆಗೆ ಬಿಡುತ್ತಾನೆ. ಬೆಂಚಿನಿಂದ ಬೆಂಚಿಗೆ ನಡೆಯುತ್ತೇವೆ, ಕೂತು ಹೆಜ್ಜಾರ್ಲೆಗಳನ್ನು ನೋಡುತ್ತೇವೆ, ಮತ್ತೆ ಏಳುತ್ತೇವೆ. ಎಲೆ ಸುಡುವ ಹೊಗೆ ಕಂಡ ದಿನ ಹೋಗುವುದಿಲ್ಲ, ಮನೆಯೊಳಗೇ ಹಜಾರದಲ್ಲಿ ತಿರುಗುತ್ತೇನೆ.

ಬಳಸುವವರಿಗೆ ಒಂದೆರಡು ಮಾತು. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಹಾಕಿದ್ದರೆ ಎಣಿಕೆ ಮಧ್ಯೆ ನಿಂತುಹೋಗುತ್ತದೆ, ಈ ಆ್ಯಪ್‌ಗೆ ಮಾತ್ರ ಅದನ್ನು ತೆಗೆಯಿರಿ. ಹೆಜ್ಜೆ ಎಣಿಸಲು ಲೊಕೇಶನ್ ಬೇಕಿಲ್ಲ, ನಾನು ಆಫ್ ಮಾಡಿದ್ದೇನೆ. ಎಷ್ಟು ನಡೆಯಬೇಕು, ಆಮ್ಲಜನಕ ಎಷ್ಟಕ್ಕೆ ಇಳಿದರೆ ನಿಲ್ಲಬೇಕು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನನ್ನ ಅಂಕಿ ನಿಮ್ಮದಲ್ಲ.

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಆ್ಯಪ್ ಮಾಡಿದವರಿಗೆ ಮೊಮ್ಮಗಳ ಕೈಯಲ್ಲಿ ಬರೆಸಿಯೂ ಕಳಿಸಿದ್ದೇನೆ. ಗುರಿಯನ್ನು ಮೊದಲ ವಾರದ ನಡಿಗೆ ನೋಡಿ ಇಡಿ, ಕನ್ನಡ ಹಾಕಿ, ದಿನಕ್ಕೆ ಒಂದೇ ಒಂದು ಪ್ರಶ್ನೆ ಕೇಳಿ: "ಇವತ್ತು ಉಸಿರು ಹೇಗಿತ್ತು?" ಈ ವಾರದ ನನ್ನ ಸರಾಸರಿ 3,640. ಏದುಸಿರು ಮೂರು.