ಬೇಸ್‌ಬಾಲ್ ರೆಫರೆನ್ಸ್ ತಾಣದ ಫೀಲ್ಡಿಂಗ್ ಪಟ್ಟಿ: ರಿಲೀಫ್ ಪಿಚರ್‌ಗೆ ಎಷ್ಟು ನ್ಯಾಯ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಅಂಕಿಅಂಶ ಬೇಕೆನಿಸಿದಾಗ ಹೆಚ್ಚಿನ ಅಭಿಮಾನಿಗಳು ಮೊದಲು ತೆರೆಯುವುದು ಶಾನ್ ಫೋರ್ಮನ್ 2000ದಲ್ಲಿ ಆರಂಭಿಸಿದ ಬೇಸ್‌ಬಾಲ್ ರೆಫರೆನ್ಸ್ ತಾಣವನ್ನು. ಅದರ ಬ್ಯಾಟಿಂಗ್, ಪಿಚಿಂಗ್ ಪಟ್ಟಿಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದ ಕೊನೆಯಲ್ಲಿ ಒಂದೋ ಎರಡೋ ಇನ್ನಿಂಗ್ಸ್‌ಗೆ ಬಂದು ಹೋಗುವ ರಿಲೀಫ್ ಪಿಚರ್‌ನ (ಬದಲಿ ಎಸೆತಗಾರನ) ಫೀಲ್ಡಿಂಗನ್ನು ಅವನ ಸರೀಕರೊಡನೆ ತೂಗಿ ನೋಡಲು ಈ ಸೇವೆ ಎಷ್ಟು ನೆರವಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕು. ಅದಕ್ಕೆ ಮರಿಯಾನೊ ರಿವೇರಾ ಅವರ ಪುಟವನ್ನೇ ಆರಿಸಿಕೊಂಡಿದ್ದೇನೆ.

ರಿವೇರಾ 1995ರಿಂದ 2013ರವರೆಗೆ ನ್ಯೂಯಾರ್ಕ್ ಯಾಂಕೀಸ್ ತಂಡವೊಂದಕ್ಕೇ ಆಡಿ, 1,115 ಪಂದ್ಯಗಳಲ್ಲಿ 652 ಸೇವ್ (ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದುಕೊಟ್ಟ ಲೆಕ್ಕ) ಗಳಿಸಿ, 2019ರಲ್ಲಿ ಒಂದೂ ಮತ ತಪ್ಪದೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು. ಅವರ ಫೀಲ್ಡಿಂಗ್ ಪಟ್ಟಿಯಲ್ಲಿ ಇನ್ನಿಂಗ್ಸ್, ಒದಗಿದ ಅವಕಾಶ, ಪುಟ್‌ಔಟ್ (ತಾನೇ ಔಟ್ ಮಾಡಿದ್ದು), ಅಸಿಸ್ಟ್ (ಚೆಂಡು ಎಸೆದು ಔಟ್‌ಗೆ ನೆರವಾದದ್ದು), ಎರರ್ (ಫೀಲ್ಡಿಂಗಿನ ತಪ್ಪು), ಡಬಲ್ ಪ್ಲೇ (ಒಂದೇ ಆಟದಲ್ಲಿ ಇಬ್ಬರು ಔಟ್) ಎಂಬ ಅಂಕಣಗಳು ವರ್ಷವಾರು ಇವೆ. ಜೊತೆಗೆ ಫೀಲ್ಡಿಂಗ್ ಸರಾಸರಿಯ ಪಕ್ಕದಲ್ಲೇ ಲೀಗ್‌ನ ಸರಾಸರಿಯನ್ನೂ ಕೊಟ್ಟಿದ್ದಾರೆ. ಅಂಕಣದ ತಲೆಬರಹದ ಮೇಲೆ ಮೌಸ್ ಇಟ್ಟರೆ ವಿವರಣೆ ತೆರೆದುಕೊಳ್ಳುತ್ತದೆ, ಇಡೀ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲೂ ಬರುತ್ತದೆ. ಕೈಬಿಟ್ಟ ಕ್ಯಾಚಿಗೆ ಸ್ಕೋರ್‌ಕಾರ್ಡಿನಲ್ಲಿ ಜಾಗವೇ ಇಲ್ಲದ ಕ್ರಿಕೆಟ್ಟನ್ನು ನೋಡಿ ಬೆಳೆದ ನಮಗೆ ಇಷ್ಟೊಂದು ಲೆಕ್ಕ ಸಿಗುವುದೇ ಹಬ್ಬ.

ತೊಡಕು ಇರುವುದು ಹೋಲಿಕೆಯಲ್ಲಿ. ಪುಟ್‌ಔಟ್ ಮತ್ತು ಅಸಿಸ್ಟ್‌ಗಳ ಮೊತ್ತವನ್ನು, ಅದಕ್ಕೆ ಎರರ್‌ಗಳನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಫೀಲ್ಡಿಂಗ್ ಸರಾಸರಿ ದೊರೆಯುತ್ತದೆ. ಒಂದು ಋತುವಿನಲ್ಲಿ ಹತ್ತೇ ಅವಕಾಶ ಸಿಕ್ಕ ರಿಲೀಫ್ ಪಿಚರ್ ಒಮ್ಮೆ ಎಡವಿದರೂ ಅವನ ಸರಾಸರಿ 0.900ಕ್ಕೆ ಕುಸಿಯುತ್ತದೆ, ಎಡವದಿದ್ದರೆ 1.000 ಆಗುತ್ತದೆ, ಒಂದೇ ಒಂದು ಎಸೆತ ನಿರ್ಧರಿಸಿದ ಈ ಅಂತರವನ್ನು ಕೌಶಲದ ಅಳತೆ ಎನ್ನಲಾಗದು. ಇನ್ನು ಪಕ್ಕದಲ್ಲಿರುವ ಲೀಗ್ ಸರಾಸರಿಯು ಆರಂಭಿಕ ಪಿಚರ್‌ಗಳನ್ನೂ ರಿಲೀಫ್ ಪಿಚರ್‌ಗಳನ್ನೂ ಒಟ್ಟಿಗೆ ಸೇರಿಸಿ ತೆಗೆದದ್ದು. ಉತ್ತಮ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು 18 ಬಾರಿ ಗೆದ್ದ ಆರಂಭಿಕ ಪಿಚರ್ ಗ್ರೆಗ್ ಮ್ಯಾಡಕ್ಸ್ ಎಸೆದದ್ದು 5,008 ಇನ್ನಿಂಗ್ಸ್. ರಿವೇರಾ ಅವರದು ಸುಮಾರು 1,284, ಅಂದರೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ರಿವೇರಾ ಅವರ ನಿಜವಾದ ಸರೀಕರೆಂದರೆ 1,089 ಇನ್ನಿಂಗ್ಸ್‌ನ ಟ್ರೆವರ್ ಹಾಫ್‌ಮನ್, 903 ಇನ್ನಿಂಗ್ಸ್‌ನ ಬಿಲ್ಲಿ ವ್ಯಾಗ್ನರ್ ಅಂಥವರು. ಅವರ ಸಾಲುಗಳನ್ನು ಓದುಗನೇ ಒಂದೊಂದಾಗಿ ಹುಡುಕಿ ತಂದು ಜೋಡಿಸಿಕೊಳ್ಳಬೇಕು. ಹಾಫ್‌ಮನ್ ಮತ್ತು ರಿವೇರಾ ಇಬ್ಬರೂ ಮೊದಲು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ಚುರುಕು ಫೀಲ್ಡಿಂಗ್ ಬೇಡುವ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಆಡಿದವರು ಎಂಬುದನ್ನು ನೆನೆದರೆ ಈ ಹೋಲಿಕೆಗೆ ಇನ್ನಷ್ಟು ರುಚಿ ಬರುತ್ತದೆ.

ವೃತ್ತಿಜೀವನದ ಮೊತ್ತದಲ್ಲಿ ಇನ್ನೊಂದು ಕೊರತೆಯಿದೆ. ಅದು ನಿಯಮಿತ ಋತುವಿಗೆ ಮಾತ್ರ ಸೀಮಿತ. 2001ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿಯ) ಏಳನೆಯ ಪಂದ್ಯದಲ್ಲಿ, ಯಾಂಕೀಸ್ 2–1ರಿಂದ ಮುಂದಿದ್ದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ, ಎದುರಾಳಿ ಅರಿಜೋನಾ ತಂಡದ ಡೇಮಿಯನ್ ಮಿಲ್ಲರ್ ಬಂಟ್ ಮಾಡಿದ (ಬ್ಯಾಟ್ ಬೀಸದೆ ಮೆಲ್ಲಗೆ ತಾಕಿಸಿದ) ಚೆಂಡನ್ನು ಹಿಡಿದ ರಿವೇರಾ ಎರಡನೆಯ ಬೇಸ್‌ಗೆ ಎಸೆದರು. ಚೆಂಡು ಗುರಿ ತಪ್ಪಿ ಸೆಂಟರ್ ಫೀಲ್ಡ್ ಕಡೆ ಹೋಯಿತು. ಮರುಕ್ಷಣದಲ್ಲಿ ಜೇ ಬೆಲ್ ಮಾಡಿದ ಬಂಟ್ ಅನ್ನು ಎತ್ತಿ ಮೂರನೆಯ ಬೇಸ್‌ಗೆ ಎಸೆದು ಮುಂದಿನ ಓಟಗಾರನನ್ನು ಔಟ್ ಮಾಡಿದವರೂ ಅವರೇ. ಅರಿಜೋನಾ 3–2ರಿಂದ ಗೆದ್ದಿತು. ಅವರ ಫೀಲ್ಡಿಂಗ್ ಎಂದೊಡನೆ ಅಭಿಮಾನಿಗಳು ಮೊದಲು ಎತ್ತುವ ಈ ಪ್ರಸಂಗದ ಎರರ್ ಆಗಲಿ ಅಸಿಸ್ಟ್ ಆಗಲಿ ಆ ಮೊತ್ತದಲ್ಲಿ ಸೇರಿಲ್ಲ. ಪೋಸ್ಟ್‌ಸೀಸನ್ (ನಿಯಮಿತ ಋತುವಿನ ನಂತರದ ಪ್ರಶಸ್ತಿ ಹಂತದ) ಲೆಕ್ಕವನ್ನು ಬೇರೆಯಾಗಿಡುವುದು ಬೇಸ್‌ಬಾಲ್‌ನ ಹಳೆಯ ಪದ್ಧತಿಯಾದ್ದರಿಂದ ತಾಣವನ್ನು ದೂರುವಂತಿಲ್ಲ, ಆದರೂ ಮೊತ್ತವೊಂದನ್ನೇ ನೋಡಿ ತೀರ್ಪು ಕೊಡುವವರು ಇದನ್ನು ತಿಳಿದಿರಬೇಕು.

ಒಬ್ಬ ಆಟಗಾರನ ವಿವರ ಸಾಕೆನ್ನುವವರಿಗೆ ಉಚಿತ ಪುಟಗಳೇ ಧಾರಾಳ. ಜಾಹೀರಾತುಗಳನ್ನು ಸಹಿಸಿಕೊಳ್ಳಬೇಕು, ಫೋನಿನಲ್ಲಾದರೆ ಅಗಲವಾದ ಪಟ್ಟಿಯನ್ನು ಪಕ್ಕಕ್ಕೆ ಸರಿಸುತ್ತಲೇ ಓದಬೇಕು. ತಮ್ಮದೇ ಷರತ್ತು ಹಾಕಿ ಹಲವರನ್ನು ಸೋಸಿ ನೋಡಬೇಕೆನ್ನುವವರು ಇದೇ ಸಂಸ್ಥೆಯ ಸ್ಟ್ಯಾಟ್‌ಹೆಡ್ ಸೇವೆಗೆ ಚಂದಾ ಕಟ್ಟಬೇಕಾಗುತ್ತದೆ. ಎರಡರಲ್ಲೂ ಸರಾಸರಿಯ ಅಂಕಣಕ್ಕಿಂತ ಮೊದಲು ಅವಕಾಶಗಳ ಅಂಕಣವನ್ನು ನೋಡುವುದು ಒಳ್ಳೆಯದು.