50 ಸೆಂ.ಮೀ. ಪ್ಲವಕ ಬಲೆ: ತಿಳಿನೀರಿಗೆ ಹೇಗೋ ಆದೀತು, ಹಸಿರು ನೀರಿಗೆ ಸಾಲದು

ಉಷ್ಣವಲಯದ ಕರಾವಳಿಯಲ್ಲಿ ಪ್ರಾಣಿಪ್ಲವಕ (ನೀರಿನ ಹರಿವಿನೊಂದಿಗೆ ತೇಲುವ ಸಣ್ಣ ಪ್ರಾಣಿಗಳು) ಹಿಡಿಯುವವರಿಗೆ ಸುಲಭವಾಗಿ ಸಿಗುವ ಕಿಟ್ ಇದು. 50 ಸೆಂ.ಮೀ. ಬಾಯಿಯ, 1.5 ಮೀಟರ್ ಉದ್ದದ ಶಂಕುವಿನಾಕಾರದ ನೈಲಾನ್ ಬಲೆ, 200 ಮೈಕ್ರಾನ್ ಕಣ್ಣು, ಸ್ಟೀಲ್ ಬಳೆ, ಮೂರೆಳೆ ಹಗ್ಗ, ತುದಿಗೆ ಹಿಡಿದದ್ದು ಸೇರುವ ಪಿವಿಸಿ ಡಬ್ಬಿ, ಜೊತೆಗೆ ಒಳಹೋದ ನೀರನ್ನು ರೆಕ್ಕೆಯ ಸುತ್ತಿನಿಂದ ಅಳೆಯುವ ಫ್ಲೋಮೀಟರ್. ಹೊಲಿಗೆ ಅಚ್ಚುಕಟ್ಟಾಗಿದೆ. ಚಿಕ್ಕ ದೋಣಿಯಿಂದ ಇಬ್ಬರೇ ಎಳೆಯಬಹುದು. ಇಲ್ಲಿಯವರೆಗೆ ದೂರೇನಿಲ್ಲ.

ದೂರಿರುವುದು ಉದ್ದದ ಬಗ್ಗೆ. ಬಾಯಿಯ ವಿಸ್ತೀರ್ಣ 0.196 ಚದರ ಮೀಟರ್, ಬಟ್ಟೆಯದು ಸುಮಾರು 1.19. ಬಟ್ಟೆಯಲ್ಲಿ ತೂತಿನ ಪಾಲು ಶೇ. 45 ಎಂದು ಹಿಡಿದರೆ ನೀರು ಸೋಸಲು ಸಿಗುವುದು 0.54 ಚದರ ಮೀಟರ್, ಅಂದರೆ ಬಾಯಿಯ 2.7 ಪಟ್ಟು. ತಿಳಿನೀರಿಗೇ 3 ಪಟ್ಟು ಬೇಕು, ಪಾಚಿ ತುಂಬಿದ ನೀರಿಗೆ 5ಕ್ಕಿಂತ ಹೆಚ್ಚು. ಯುನೆಸ್ಕೋ 1968ರಲ್ಲಿ ಶಿಫಾರಸು ಮಾಡಿದ ಡಬ್ಲ್ಯೂಪಿ-2 ಎಂಬ ಪ್ರಮಾಣಿತ ಬಲೆಯ ಬಾಯಿ 57 ಸೆಂ.ಮೀ., ಕಣ್ಣು ಇದೇ 200 ಮೈಕ್ರಾನ್. ಆದರೆ ಶಂಕುವಿನ ಮುಂದೆ ಕೊಳವೆಯಾಕಾರದ ಭಾಗವಿರುವುದರಿಂದ ಈ ಅನುಪಾತ ಹತ್ತಿರಹತ್ತಿರ 6ಕ್ಕೆ ಹೋಗುತ್ತದೆ.

ಇದು ಬರೀ ತಾಂತ್ರಿಕ ತಕರಾರಲ್ಲ. ಮಳೆಯ ನಂತರ ನದಿನೀರು ಸೇರಿ ಲವಣಾಂಶ ಇಳಿಯುತ್ತದೆ, ಪೋಷಕಾಂಶ ಸಿಕ್ಕಿ ಸ್ಕೆಲೆಟೊನೆಮಾ, ಕೀಟೊಸೆರೋಸ್‌ನಂಥ ಸರಪಳಿ ಕಟ್ಟುವ ಸೂಕ್ಷ್ಮಪಾಚಿಗಳಾದ ಡಯಾಟಮ್‌ಗಳು ಹೆಚ್ಚುತ್ತವೆ. ಕಣ್ಣು ಕಟ್ಟಿಕೊಳ್ಳುತ್ತದೆ, ನೀರು ಒಳಗೆ ಹೋಗದೆ ಬಾಯಿಯ ಪಕ್ಕಕ್ಕೆ ಸರಿಯುತ್ತದೆ. ದೋಣಿಯ ವೇಗವನ್ನು ಸಮಯದಿಂದ ಗುಣಿಸಿ ಘನಮೀಟರ್ ಲೆಕ್ಕ ಹಾಕಿದವರಿಗೆ ಕೋಪೆಪಾಡ್ (ಸೀಗಡಿಯ ಬಳಗದ ಪುಟ್ಟ ಪ್ರಾಣಿ) ಸಂಖ್ಯೆ ಕುಸಿದಂತೆ ಕಾಣುತ್ತದೆ. ತಪ್ಪು ಲವಣಾಂಶದ ತಲೆಗೆ ಬರುತ್ತದೆ. ಲವಣಾಂಶ ಇಳಿದಾಗ ಬಾಣಹುಳುಗಳು (ಬೇಟೆಯಾಡುವ ಪಾರದರ್ಶಕ ಪ್ಲವಕಗಳು) ಕಡಿಮೆಯಾಗಿ ಅಕಾರ್ಟಿಯಾ, ಸ್ಯೂಡೊಡಯಾಪ್ಟೋಮಸ್ ಎಂಬ ಕೋಪೆಪಾಡ್‌ಗಳು ಮೇಲುಗೈ ಪಡೆಯುವುದು ನಿಜವೇ. ಆದರೆ ಕಣ್ಣು ಕಟ್ಟಿಕೊಂಡ ಬಲೆ ಸಣ್ಣ ಕಣ್ಣಿನ ಬಲೆಯಂತೆ ಕೆಲಸ ಮಾಡಿ, ಬೇರೆ ದಿನ ಜಾರಿಹೋಗುವ ಮರಿಗಳನ್ನೂ ಹಿಡಿದಿಡುತ್ತದೆ. ಒಟ್ಟು ಸಂಖ್ಯೆಯೂ ತಪ್ಪು, ಪ್ರಭೇದಗಳ ಪಾಲೂ ತಪ್ಪು.

ಆದ್ದರಿಂದ ಫ್ಲೋಮೀಟರ್ ಅಲಂಕಾರಕ್ಕಲ್ಲ. ಕಿಟ್‌ನಲ್ಲಿ ಅದನ್ನು ಬಾಯಿಯ ನಟ್ಟನಡುವೆ ಕಟ್ಟಿರುತ್ತಾರೆ. ನಡುವಿಗೂ ಅಂಚಿಗೂ ಮಧ್ಯೆ ಸರಿಸಿ. ಬಟ್ಟೆ ಬಿಚ್ಚಿ ಬರೀ ಬಳೆಯನ್ನು ಗೊತ್ತಿರುವ ದೂರ ಎಳೆದು, ಒಂದು ಸುತ್ತಿಗೆ ಎಷ್ಟು ಮೀಟರ್ ಎಂದು ನೀವೇ ಅಳೆದುಕೊಳ್ಳಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 5 ನಿಮಿಷ ಎಳೆದರೆ 300 ಮೀಟರ್, ಬಲೆಯ ಕಣ್ಣು ಕಟ್ಟಿಕೊಳ್ಳದಿದ್ದರೆ ಸುಮಾರು 59 ಘನಮೀಟರ್ ನೀರು. ಬಳೆಯ ಹೊರಗೆ ಇನ್ನೊಂದು ಫ್ಲೋಮೀಟರ್ ಕಟ್ಟಿ, ಒಳಗಿನದು ಹೊರಗಿನದರ ಶೇ. 85ಕ್ಕಿಂತ ಕೆಳಗಿಳಿದರೆ ಎಳೆಯುವ ಸಮಯ ಅರ್ಧಕ್ಕೆ ಇಳಿಸಿ. ಗಾಳಿಗೂ ರೆಕ್ಕೆ ತಿರುಗುತ್ತದೆ, ನೀರಿಗಿಳಿಯುವವರೆಗೆ ಕೈಯಲ್ಲಿ ಹಿಡಿದಿರಬೇಕು. ಲಂಬವಾಗಿ ಎಳೆಯುವವರು ಹಿಂದಕ್ಕೆ ತಿರುಗದಂತೆ ತಡೆಯಿರುವ ಫ್ಲೋಮೀಟರನ್ನೇ ಕೇಳಿ ಪಡೆಯಿರಿ.

200 ಮೈಕ್ರಾನ್ ಸಾಕೇ? ಬೆಚ್ಚಗಿನ ಸಮುದ್ರದಲ್ಲಿ ಸಣ್ಣ ಜೀವಿಗಳದ್ದೇ ರಾಜ್ಯ. ಹಿಡಿಯಬೇಕಾದ ಪ್ರಾಣಿಯ ಅಗಲದ ಮುಕ್ಕಾಲು ಭಾಗಕ್ಕಿಂತ ಕಣ್ಣು ದೊಡ್ಡದಿರಬಾರದು ಎಂಬುದು ವಾಡಿಕೆಯ ಅಳತೆ. ಹಾಗಾಗಿ ಈ ಬಲೆಗೆ ನಂಬಿಕೆಯಿಂದ ಸಿಗುವುದು 270 ಮೈಕ್ರಾನ್‌ಗಿಂತ ಅಗಲವಾದವು ಮಾತ್ರ. ಓಯ್ತೋನಾ, ಪಾರ್ವೊಕಲಾನಸ್ ಎಂಬ ಸಣ್ಣ ಕೋಪೆಪಾಡ್‌ಗಳ ಬಹುಪಾಲು, ನಾಪ್ಲಿಯಸ್ ಎಂಬ ಮೊದಲ ಹಂತದ ಅವುಗಳ ಮರಿಗಳಂತೂ ಹೆಚ್ಚೂಕಡಿಮೆ ಪೂರ್ತಿ, ಜಾರಿಹೋಗುತ್ತವೆ. ಅವು ಬೇಕಿದ್ದರೆ 64 ಅಥವಾ 100 ಮೈಕ್ರಾನ್‌ನ ಚಿಕ್ಕ ಬಲೆಯನ್ನು ಜೊತೆಗೆ ಗಿಡ್ಡ ದೂರ ಎಳೆಯಬೇಕು.

ಇನ್ನೊಂದು ಕೊರತೆ: ನೀರಿನೊಳಗೇ ಬಾಯಿ ಮುಚ್ಚುವ ವ್ಯವಸ್ಥೆ ಇಲ್ಲ. ಮೇಲೆ ಸಿಹಿನೀರಿನ ತೆಳುಪದರ, ತಳದಲ್ಲಿ ಲೀಟರಿಗೆ 2 ಮಿ.ಗ್ರಾಂ.ಗಿಂತ ಕಡಿಮೆ ಆಮ್ಲಜನಕ ಇರುವಾಗ ಪ್ರಾಣಿಗಳು ನಡುಪದರದಲ್ಲಿ ಒತ್ತೊತ್ತಾಗಿರಬಹುದು. ತಳದಿಂದ ಮೇಲಕ್ಕೆ ಒಂದೇ ಎಳೆತ ಮೂರನ್ನೂ ಕಲಸಿಬಿಡುತ್ತದೆ. ತಾಪ, ಲವಣಾಂಶ, ಆಮ್ಲಜನಕಗಳನ್ನು ಆಳದ ಪ್ರಕಾರ ಅಳೆದಿದ್ದರೂ ಹೊಂದಿಸಿ ನೋಡಲಾಗದು. ಹಗಲಿನ ಮಾದರಿಯನ್ನು ರಾತ್ರಿಯದರ ಜೊತೆ ಹೋಲಿಸುವುದಂತೂ ಬೇಡ. ಹಲವು ಜಾತಿಗಳು ರಾತ್ರಿ ಮೇಲೇರುತ್ತವೆ.

ಕೊಳ್ಳುವಾಗ ಡಬ್ಬಿಯ ಕಿಟಕಿಯ ಜಾಲರಿಯನ್ನು ಭೂತಗನ್ನಡಿಯಲ್ಲಿ ನೋಡಿ: ಬಲೆಗಿಂತ ದೊಡ್ಡ ಕಣ್ಣಿದ್ದರೆ ಹಿಡಿದದ್ದು ಅಲ್ಲೇ ಸೋರುತ್ತದೆ. ಮಾದರಿ ಕೆಡದಿರಲು 9 ಪಾಲು ಸಮುದ್ರನೀರಿಗೆ 1 ಪಾಲು ಅಂಗಡಿಯ ಫಾರ್ಮಾಲಿನ್, ಬೊರಾಕ್ಸ್ ಸೇರಿಸಿದ್ದು. ಬೊರಾಕ್ಸ್ ಇಲ್ಲದಿದ್ದರೆ ಆಮ್ಲ ಚಿಪ್ಪಿನ ಮರಿಗಳನ್ನು ಕರಗಿಸುತ್ತದೆ. ಜೆಲ್ಲಿಮೀನಿನಂಥ ಮೆತ್ತನೆಯ ಪ್ರಾಣಿಗಳನ್ನು ಮೊದಲೇ ತೆಗೆದು ಅಳೆಯಿರಿ. ಬಲೆಯನ್ನು ಹೊರಗಿನಿಂದ ನೀರು ಹಾಯಿಸಿ ತೊಳೆಯಿರಿ, ಒಳಗಿನಿಂದಲ್ಲ. ಕೊನೆಗೆ ಸಿಹಿನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ.

ನಮ್ಮ ಸಲಹೆ: ಇದೇ ಬಳೆಗೆ 3 ಮೀಟರ್ ಉದ್ದದ ಬಟ್ಟೆ ಹೊಲಿಸಿಕೊಳ್ಳಿ. ಅನುಪಾತ 5.4ಕ್ಕೆ ಏರುತ್ತದೆ, ದೋಣಿಯಲ್ಲಿ ಸಂಭಾಳಿಸುವುದೂ ಕಷ್ಟವಾಗದು.