ಆಸ್ಪತ್ರೆ ವಿಲೀನಕ್ಕೆ ಮುನ್ನ ಅರ್ಥಶಾಸ್ತ್ರಜ್ಞರ ಸಲಹೆ: ಒಂದು ವಿಮರ್ಶೆ

ಅಮೆರಿಕದಲ್ಲಿ ಎರಡು ಆಸ್ಪತ್ರೆಗಳು ಒಂದಾಗುವ ಪ್ರಸ್ತಾವವೊಂದರ ಕಾನೂನು ತಂಡದಲ್ಲಿ ನಾನಿದ್ದೆ. ಆರೋಗ್ಯ ಕ್ಷೇತ್ರದ ಸ್ಪರ್ಧೆ ಮತ್ತು ಏಕಸ್ವಾಮ್ಯ ವಿರೋಧಿ ಕಾನೂನಿನಲ್ಲಿ ಪರಿಣತಿ ಪಡೆದ ಅರ್ಥಶಾಸ್ತ್ರಜ್ಞರೊಬ್ಬರನ್ನು ಆಗ ನಾವು ಗೊತ್ತುಮಾಡಿಕೊಂಡೆವು. ಅವರಿಂದ ಆಡಳಿತ ಮಂಡಳಿ ನಿರೀಕ್ಷಿಸಿದ್ದು ಪ್ರಸ್ತಾವಕ್ಕೆ ಒಪ್ಪಿಗೆಯ ಮುದ್ರೆಯನ್ನು ಮಾತ್ರ. ಸಿಕ್ಕಿದ್ದು ಬೇರೆಯೇ ಆಗಿತ್ತು, ಮತ್ತು ಕೊಟ್ಟ ಶುಲ್ಕಕ್ಕೆ ಅದೇ ಸರಿಯಾದ ಪ್ರತಿಫಲವೆಂದು ನಾನು ಭಾವಿಸುತ್ತೇನೆ.

ಸೇವೆಯ ಅತ್ಯುತ್ತಮ ಭಾಗ ಮಾರುಕಟ್ಟೆಯ ಗಡಿಯನ್ನು ಗುರುತಿಸುವ ಕೆಲಸ. ನಮ್ಮ ಮಂಡಳಿಯ ವಾದ ಸರಳವಾಗಿತ್ತು: ದೂರದ ಊರುಗಳಿಂದಲೂ ರೋಗಿಗಳು ಬರುತ್ತಾರೆ, ಆದ್ದರಿಂದ ದೂರದ ಆಸ್ಪತ್ರೆಗಳೂ ನಮ್ಮ ಪೈಪೋಟಿಗಾರರೇ. ಅರ್ಥಶಾಸ್ತ್ರಜ್ಞರಾದ ಎಲ್ಜಿಂಗಾ ಮತ್ತು ಹೊಗಾರ್ಟಿ 1973ರಲ್ಲಿ ಮುಂದಿಟ್ಟ ಪರೀಕ್ಷೆಯ ತರ್ಕವೂ ಇದೇ. ಒಂದು ಪ್ರದೇಶದ ಒಳಕ್ಕೆ ಮತ್ತು ಹೊರಕ್ಕೆ ಹರಿಯುವ ಸರಕಿನ ಪ್ರಮಾಣ ಕಡಿಮೆಯಿದ್ದರೆ ಅದು ಪ್ರತ್ಯೇಕ ಮಾರುಕಟ್ಟೆ, ಹೆಚ್ಚಿದ್ದರೆ ಗಡಿಯನ್ನು ವಿಸ್ತರಿಸಬೇಕು. ಸರಕು ಸಾಗಣೆಗೆಂದು ರೂಪುಗೊಂಡ ಈ ಅಳತೆಗೋಲನ್ನು 1990ರ ದಶಕದಲ್ಲಿ ನ್ಯಾಯಾಲಯಗಳು ರೋಗಿಗಳ ಮೇಲೂ ಪ್ರಯೋಗಿಸಿದ್ದರಿಂದ, ವಿಲೀನಗಳನ್ನು ಪ್ರಶ್ನಿಸಿದ ಸರ್ಕಾರಿ ಸಂಸ್ಥೆಗಳು ಸಾಲುಸಾಲಾಗಿ ಸೋತವು. ನಮ್ಮ ಸಲಹೆಗಾರರು ಈ ವಾದವನ್ನು ಮೊದಲ ಸಭೆಯಲ್ಲೇ ಬದಿಗಿಟ್ಟರು. ವಿಶೇಷ ಚಿಕಿತ್ಸೆಗಾಗಿ ಕೆಲವರು ದೂರ ಪ್ರಯಾಣಿಸುತ್ತಾರೆಂದ ಮಾತ್ರಕ್ಕೆ, ಹೆರಿಗೆಗೋ ನ್ಯುಮೋನಿಯಾಕ್ಕೋ ಹತ್ತಿರದ ಆಸ್ಪತ್ರೆಯನ್ನೇ ನೆಚ್ಚಿಕೊಂಡವರಿಗೆ ದರ ಏರಿಕೆಯಿಂದ ರಕ್ಷಣೆ ಸಿಕ್ಕಂತಾಗುವುದಿಲ್ಲ ಎಂಬುದು ಅವರ ನಿಲುವು. ಇದಕ್ಕೆ ಅವರು ಕೊಟ್ಟ ಎರಡು ಉದಾಹರಣೆಗಳು ನಮ್ಮನ್ನು ಸುಮ್ಮನಾಗಿಸಿದವು. ಷಿಕಾಗೋದ ಉತ್ತರ ಹೊರವಲಯದ ಇವಾನ್‌ಸ್ಟನ್ ಆಸ್ಪತ್ರೆಯ ಪ್ರಕರಣದಲ್ಲಿ, ಈ ಪರೀಕ್ಷೆಯನ್ನು ಆಸ್ಪತ್ರೆಗಳಿಗೆ ಅನ್ವಯಿಸುವುದು ಸೂಕ್ತವಲ್ಲ ಎಂದು ಸ್ವತಃ ಎಲ್ಜಿಂಗಾ ಅವರೇ ಸಾಕ್ಷ್ಯ ನುಡಿದಿದ್ದರು. ಪೆನ್ಸಿಲ್ವೇನಿಯಾದ ಹರ್ಷಿ ಆಸ್ಪತ್ರೆಯ ಪ್ರಕರಣದಲ್ಲಿ ಅದರ ಶೇ 43.5ರಷ್ಟು ರೋಗಿಗಳು ಸುತ್ತಲಿನ ನಾಲ್ಕು ಜಿಲ್ಲೆಗಳ ಆಚೆಯಿಂದ ಬರುತ್ತಾರೆ ಎಂಬ ಅಂಕಿಯನ್ನು ಕೆಳ ನ್ಯಾಯಾಲಯ ನೆಚ್ಚಿಕೊಂಡಿತ್ತು. ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು.

ಮಾರುಕಟ್ಟೆ ಎಷ್ಟರ ಮಟ್ಟಿಗೆ ಕೆಲವರ ಕೈಯಲ್ಲೇ ಇದೆ ಎಂದು ತೋರಿಸುವ ಸೂಚ್ಯಂಕದ ಲೆಕ್ಕ ಕ್ಯಾಲ್ಕುಲೇಟರ್ ಇದ್ದವರು ಯಾರಾದರೂ ಮಾಡಬಹುದಾದದ್ದು. ಪ್ರತಿ ಆಸ್ಪತ್ರೆಯ ಶೇಕಡಾವಾರು ಮಾರುಕಟ್ಟೆ ಪಾಲನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಗಳನ್ನೆಲ್ಲ ಕೂಡಿದರೆ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಸಿಗುತ್ತದೆ. ಶೇ 25 ಮತ್ತು ಶೇ 20 ಪಾಲಿರುವ ಎರಡು ಆಸ್ಪತ್ರೆಗಳು ಸೇರಿದರೆ ಅದು 1000 ಅಂಶ ಏರುತ್ತದೆ. ಅಮೆರಿಕದ 2023ರ ವಿಲೀನ ಮಾರ್ಗಸೂಚಿಯಂತೆ, ಸೂಚ್ಯಂಕ 1800 ದಾಟಿ ಏರಿಕೆ 100ಕ್ಕಿಂತ ಹೆಚ್ಚಾದರೆ ಸ್ಪರ್ಧೆಗೆ ಹಾನಿಯಿದೆ ಎಂದೇ ಪೂರ್ವಭಾವಿಯಾಗಿ ತಿಳಿಯಲಾಗುತ್ತದೆ. ಇದಕ್ಕಾಗಿ ಮಾತ್ರ ತಜ್ಞರಿಗೆ ಹಣ ಕೊಡಬೇಕಾಗಿಲ್ಲ.

ಹಣ ಕೊಡಬೇಕಾದದ್ದು ಮುಂದಿನ ಹಂತಕ್ಕೆ. ಆಸ್ಪತ್ರೆಗಳ ಪೈಪೋಟಿ ಎರಡು ಹಂತಗಳಲ್ಲಿ ನಡೆಯುತ್ತದೆ: ಮೊದಲು ವಿಮಾ ಕಂಪನಿಯ ಜಾಲದೊಳಗೆ (ಅದು ದರ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ಪಟ್ಟಿಗೆ) ಸೇರುವುದಕ್ಕಾಗಿ, ಆಮೇಲೆ ಆ ಜಾಲದೊಳಗಿನ ರೋಗಿಗಳಿಗಾಗಿ. ದರ ತೀರ್ಮಾನವಾಗುವುದು ಮೊದಲ ಹಂತದಲ್ಲಿ. ಈ ಆಸ್ಪತ್ರೆಯನ್ನು ಕೈಬಿಟ್ಟು ಪಕ್ಕದ್ದನ್ನು ತೋರಿಸಿ ಗ್ರಾಹಕರನ್ನು ಉಳಿಸಿಕೊಳ್ಳಬಲ್ಲೆ ಎಂಬ ಧೈರ್ಯ ವಿಮಾ ಕಂಪನಿಗೆ ಇರುವವರೆಗೆ ಮಾತ್ರ ಅದಕ್ಕೆ ಚೌಕಾಸಿಯ ಬಲ ಇರುತ್ತದೆ. ಆ ಪಕ್ಕದ ಆಸ್ಪತ್ರೆಯೂ ಅದೇ ಒಡೆತನಕ್ಕೆ ಸೇರಿದರೆ ಧೈರ್ಯ ಕುಸಿಯುತ್ತದೆ. ಇದನ್ನು ಅಳೆಯಲು ನಮ್ಮ ಸಲಹೆಗಾರರು ಡಿಸ್ಚಾರ್ಜ್ ದಾಖಲೆಗಳಿಂದ ರೋಗಿಗಳ ವಯಸ್ಸು, ಕಾಯಿಲೆ, ಅಂಚೆ ಪ್ರದೇಶ, ಪ್ರಯಾಣದ ಸಮಯ ಇವನ್ನೆಲ್ಲ ತೆಗೆದುಕೊಂಡು, ಒಂದು ಆಸ್ಪತ್ರೆ ಇಲ್ಲವಾದರೆ ಅಲ್ಲಿನ ರೋಗಿಗಳು ಯಾವ ಅನುಪಾತದಲ್ಲಿ ಎಲ್ಲೆಲ್ಲಿಗೆ ಹಂಚಿಹೋಗುತ್ತಾರೆ ಎಂದು ಅಂದಾಜಿಸಿದರು. ಇಂತಹ ಅಂದಾಜುಗಳನ್ನು ಸಂಶೋಧಕರು ಪ್ರಕೃತಿ ವಿಕೋಪದಿಂದ ಆಸ್ಪತ್ರೆಗಳು ನಿಜವಾಗಿಯೇ ಮುಚ್ಚಿದ ಸಂದರ್ಭಗಳೊಡನೆ ಹೋಲಿಸಿ ಪರೀಕ್ಷಿಸಿದ್ದಾರೆ ಎಂಬ ಸಂಗತಿ ನನಗೆ ಹೊಸದು. ನಮ್ಮ ವಿಷಯದಲ್ಲಿ ಬಂದ ಉತ್ತರ ಮಂಡಳಿಗೆ ರುಚಿಸಲಿಲ್ಲ: ನಮ್ಮ ರೋಗಿಗಳ ಎರಡನೆಯ ಆಯ್ಕೆ ಬಹುಪಾಲು ನಾವು ಸೇರಲು ಹೊರಟಿದ್ದ ಆಸ್ಪತ್ರೆಯೇ ಆಗಿತ್ತು. ವರದಿಯ ಮಾತನ್ನು ಮೃದುಗೊಳಿಸಬಹುದೇ ಎಂದು ಸದಸ್ಯರೊಬ್ಬರು ಕೇಳಿದಾಗ, ಎದುರು ಪಕ್ಷದ ಅರ್ಥಶಾಸ್ತ್ರಜ್ಞರು ಇದೇ ದಾಖಲೆಗಳಿಂದ ಇದೇ ಲೆಕ್ಕವನ್ನು ಮಾಡುತ್ತಾರೆ ಎಂದಷ್ಟೇ ಅವರು ಉತ್ತರಿಸಿದರು.

ಕೊರತೆಗಳೂ ಇವೆ. ವಿಲೀನದಿಂದ ಚಿಕಿತ್ಸೆಯ ಗುಣಮಟ್ಟ ಹೆಚ್ಚುತ್ತದೆ, ವೆಚ್ಚ ಇಳಿಯುತ್ತದೆ ಎಂಬ ನಮ್ಮ ವೈದ್ಯರ ವಾದಕ್ಕೆ ವರದಿ ಮೀಸಲಿಟ್ಟದ್ದು ಕೆಲವೇ ಪುಟಗಳು. ಆ ಲಾಭಗಳನ್ನು ವಿಲೀನವಿಲ್ಲದೆಯೂ ಪಡೆಯಬಹುದೇ ಎಂದು ಕೇಳುವುದು ನ್ಯಾಯವಾದುದೇ. ಆದರೆ ಉತ್ತರ ಹುಡುಕಲು ವಾರ್ಡುಗಳಲ್ಲಿ ಓಡಾಡಿದ್ದರೆ ಚೆನ್ನಾಗಿತ್ತು. ದರಗಳ ಬಗ್ಗೆ ಇವರಿಗಿರುವ ನಿಖರತೆ ಗುಣಮಟ್ಟದ ಬಗ್ಗೆ ಇಲ್ಲ. ಬರವಣಿಗೆಯೂ ಭಾರವಾಗಿತ್ತು. ಸಮೀಕರಣಗಳನ್ನು ಅನುಬಂಧಕ್ಕೆ ತಳ್ಳಿ ಮೊದಲ ಹತ್ತು ಪುಟಗಳನ್ನು ನ್ಯಾಯಾಧೀಶರು ಓದುವಂತೆ ಬರೆದುಕೊಡಿ ಎಂದು ನಾವು ಮೂರು ಸಲ ಕೇಳಬೇಕಾಯಿತು. ಗಂಟೆಗಳ ಲೆಕ್ಕದಲ್ಲಿ ಬರುವ ಬಿಲ್ಲಿನಲ್ಲಿ ದಾಖಲೆಗಳನ್ನು ಶುಚಿಗೊಳಿಸುವ ಸಹಾಯಕರ ಸಮಯವೇ ದೊಡ್ಡ ಪಾಲು; ದಾಖಲೆಗಳನ್ನು ಮೊದಲೇ ಅಚ್ಚುಕಟ್ಟು ಮಾಡಿಕೊಟ್ಟರೆ ಅದು ಇಳಿದೀತು.

ವಿಮಾ ಕಂಪನಿಗಳಿಗೂ, ಉದ್ಯೋಗಿಗಳ ಚಿಕಿತ್ಸಾ ವೆಚ್ಚ ಭರಿಸುವ ಸಂಸ್ಥೆಗಳಿಗೂ ಈ ಸೇವೆ ಉಪಯುಕ್ತವೆಂದು ನನಗನಿಸುತ್ತದೆ. ಖಾಸಗಿ ವಿಮೆಯ ಪಾವತಿ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪೈಪೋಟಿಯೇ ಇಲ್ಲದ ಆಸ್ಪತ್ರೆಗಳ ದರ ನಾಲ್ಕು ಅಥವಾ ಹೆಚ್ಚು ಆಸ್ಪತ್ರೆಗಳಿರುವ ಪ್ರದೇಶಗಳಿಗಿಂತ ಶೇ 12ರಷ್ಟು ಹೆಚ್ಚಿರುವುದನ್ನು ಕಂಡಿತ್ತು. ಆ ಹೊರೆಯನ್ನು ಹೊರುವವರು ಇವರೇ.

ನಮ್ಮ ಮಟ್ಟಿಗೆ ತಪ್ಪಾದದ್ದು ಸಮಯದ ಆಯ್ಕೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ನಾವು ಅರ್ಥಶಾಸ್ತ್ರಜ್ಞರನ್ನು ಕರೆದೆವು. ಎರಡು ತಿಂಗಳು ಮೊದಲೇ ಕರೆದಿದ್ದರೆ, ಪೂರ್ತಿ ವಿಲೀನದ ಬದಲು ಹೃದ್ರೋಗ ವಿಭಾಗದಲ್ಲಿ ಮಾತ್ರ ಸಹಯೋಗ ಎಂಬ ಈಗಿನ ತೀರ್ಮಾನಕ್ಕೆ ನಾವು ಅರ್ಧ ಖರ್ಚಿನಲ್ಲೇ ಬರುತ್ತಿದ್ದೆವು.